ಎಲೆಕ್ಟ್ರಿಕ್ ಪಿಕಪ್ ತಗೊಳ್ಳುವ ಮುಂಚೆ ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ನೋಡಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆ ಕಡೆಯ ಹಳ್ಳಿ. ಮೂರೂವರೆ ಎಕರೆ ಅಡಿಕೆ ತೋಟ ಇದೆ. ಹದಿನಾಲ್ಕು ವರ್ಷದ ಹಳೇ ಡೀಸೆಲ್ ಪಿಕಪ್ ಇದೆ. ಅಡಿಕೆ, ಗೊಬ್ಬರ, ಸೊಪ್ಪು ಎಲ್ಲ ಅದರಲ್ಲೇ. ಸೇತುವೆ ಆದ ಮೇಲೆ ವಾರಕ್ಕೆ ನಾಲ್ಕೈದು ಸಲ ಸಾಗರಕ್ಕೆ ಹೋಗುತ್ತೇವೆ. ಹೋಗಿ ಬರಲು 80 ಕಿಲೋಮೀಟರ್. ಈಗ ಎಲೆಕ್ಟ್ರಿಕ್ ಪಿಕಪ್ ತಗೊಳ್ಳುವ ಯೋಚನೆ ಇದೆ. ಊರಿನ ಸೊಸೈಟಿಯವರೂ ಎರಡು ಗಾಡಿ ತಗೊಂಡು ಒಂದು ಫಾಸ್ಟ್ ಚಾರ್ಜರ್ ಹಾಕಿಸುವ ಮಾತಾಡುತ್ತಿದ್ದಾರೆ. ಆದರೆ ನಮ್ಮ ಲೈನ್‌ಮನ್, ‘ಅಣ್ಣ, ಇರೋ ಲೋಡಿಗೇ ಟಿಸಿ ಒದ್ದಾಡ್ತಿದೆ, ನೀವು ಗಾಡಿ ಬೇರೆ ಚಾರ್ಜಿಗೆ ಹಾಕಿದ್ರೆ ಊರೇ ಕತ್ತಲೆ’ ಅನ್ನುತ್ತಾನೆ. ಟಿಸಿಯ ಸಾಮರ್ಥ್ಯ 25 ಕೆವಿಎ, ಅದರ ಮೇಲೆ 18 ಮನೆ ಇವೆ. ನಮ್ಮ ಮನೆ ಟಿಸಿಯಿಂದ ಸುಮಾರು 900 ಮೀಟರ್ ದೂರ. ಸಂಜೆ ವೋಲ್ಟೇಜ್ 185ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟೇ ಇಲ್ಲದ್ದೂ ಉಂಟು. ಅಮೆರಿಕದಲ್ಲಿರುವ ಅಳಿಯಂದಿರು, ಅಲ್ಲಿ ಪಿಕಪ್ಪೇ ಮನೆಗೆ ಕರೆಂಟ್ ಕೊಡುತ್ತದೆ ಅನ್ನುತ್ತಾರೆ. ಈ ಗಾಡಿ ನಮ್ಮ ಲೈನಿಗೆ, ನಮ್ಮ ಘಾಟಿಗೆ ಆಗುತ್ತದಾ?

ಉತ್ತರ: ನಮಸ್ಕಾರ. ನಿಮ್ಮ ಲೈನ್‌ಮನ್ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲಿ ನಿಮ್ಮ ಕೆಲಸ ಆಗುತ್ತದೆ. ಅದು ಹೇಗೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ. ಈ ವಿಷಯದಲ್ಲಿ ಲೆಕ್ಕ ಬಿಟ್ಟು ಮಾತಾಡುವವರೇ ಜಾಸ್ತಿ.

ಮೊದಲು, ರಾಜ್ಯದಲ್ಲಿ ಇಷ್ಟು ಗಾಡಿಗೆ ಕರೆಂಟ್ ಎಲ್ಲಿದೆ ಅನ್ನುವ ಮಾತು. ಸಾಗರದ ಚಹಾ ಅಂಗಡಿಯಿಂದ ಟಿವಿ ಚರ್ಚೆವರೆಗೆ ಎಲ್ಲರೂ ಕೇಳುವುದು ಇದನ್ನೇ. ಕರ್ನಾಟಕದಲ್ಲಿ ಒಂದು ಲಕ್ಷ ಸಣ್ಣ ಎಲೆಕ್ಟ್ರಿಕ್ ಪಿಕಪ್ ಬಂದವು ಅಂತಲೇ ಹಿಡಿಯೋಣ. ಒಂದೊಂದೂ ದಿನಕ್ಕೆ 20 ಯೂನಿಟ್ ತಿಂದರೆ ಒಟ್ಟು 20 ಲಕ್ಷ ಯೂನಿಟ್ ಆಯಿತು. ಬೇಸಿಗೆಯಲ್ಲಿ ನಮ್ಮ ರಾಜ್ಯ ಒಂದು ದಿನಕ್ಕೆ ಬಳಸುವುದು 30 ಕೋಟಿ ಯೂನಿಟ್‌ಗಿಂತ ಜಾಸ್ತಿ. ಅಂದರೆ ನೂರಕ್ಕೆ ಒಂದು ಪಾಲೂ ಇಲ್ಲ. 2024ರ ಮಾರ್ಚ್‌ನಲ್ಲೇ ರಾಜ್ಯದ ಬೇಡಿಕೆ ಒಂದು ಹೊತ್ತಿನಲ್ಲಿ 17,000 ಮೆಗಾವ್ಯಾಟ್ ದಾಟಿತ್ತು. ಅದನ್ನು ಹೊತ್ತ ಗ್ರಿಡ್‌ಗೆ ಈ ಪಿಕಪ್‌ಗಳು ಒಂದು ಭಾರವೇ ಅಲ್ಲ. ಅದರ ಮೇಲೆ ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟಿನದು. ನಡು ಮಧ್ಯಾಹ್ನ ಬಿಸಿಲಿನ ಕರೆಂಟ್ ಬೇಕಾದಷ್ಟು ಸಿಗುವ ರಾಜ್ಯ ನಮ್ಮದು.

ಇನ್ನು ನಿಮ್ಮ ಊರಿನ ಮಟ್ಟಿಗೆ ಹೇಳಬೇಕೆಂದರೆ ಇನ್ನೂ ತಮಾಷೆ. ನಿಮ್ಮ ಮನೆ ಮುಂದಿನ ಹಿನ್ನೀರೇ ಕರೆಂಟು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು, ಆ ನೀರು ತಳಕಳಲೆ ಜಲಾಶಯ ದಾಟಿ, 400 ಮೀಟರಿಗಿಂತ ಜಾಸ್ತಿ ಆಳಕ್ಕೆ ಪೈಪಿನಲ್ಲಿ ಧುಮುಕಿ, ಶರಾವತಿ ಪವರ್‌ಹೌಸಿನ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಒಟ್ಟು 1,035 ಮೆಗಾವ್ಯಾಟ್. ಸಾವಿರ ಲೀಟರ್ ನೀರು ಅಷ್ಟು ಎತ್ತರದಿಂದ ಬಿದ್ದರೆ ಹೆಚ್ಚುಕಡಿಮೆ ಒಂದು ಯೂನಿಟ್ ಹುಟ್ಟುತ್ತದೆ. ನಿಮ್ಮ 80 ಕಿಲೋಮೀಟರ್ ಓಡಾಟಕ್ಕೆ 18 ಯೂನಿಟ್ ಬೇಕು ಅಂದರೆ 18,000 ಲೀಟರ್. ದೊಡ್ಡ ಟ್ಯಾಂಕರಿನಲ್ಲಿ ಒಂದೂವರೆ ಟ್ಯಾಂಕರ್ ನೀರು, ಅಷ್ಟೇ. ಆ ನೀರಿಗಾಗಿ ಮನೆ, ಗದ್ದೆ ಮುಳುಗಿಸಿಕೊಂಡ ಊರುಗಳಲ್ಲಿ ಸಂಜೆ 185 ವೋಲ್ಟ್. ಈ ಮಾತನ್ನು ಮೂವತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಲೈನಿನ ಕೆಲಸದಲ್ಲಿದ್ದ ನನಗೂ ಇದಕ್ಕೆ ಎದುರು ಮಾತು ಹೊಳೆದಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ನಿಮ್ಮ ತೋಟದ ಸ್ಪ್ರಿಂಕ್ಲರ್ ನೆನಪು ಮಾಡಿಕೊಳ್ಳಿ. ಕೆರೆ ತುಂಬಿದೆ, ಮೋಟರ್ ಗಟ್ಟಿ ಇದೆ. ಆದರೆ ಕೊನೇ ಸಾಲಿಗೆ ಅರ್ಧ ಇಂಚಿನ ಪೈಪ್ ಎಳೆದಿದ್ದೀರಿ. ಮೇಲಿನ ಸಾಲಿನವು ಜೋರಾಗಿ ತಿರುಗುತ್ತವೆ, ಕೊನೆಯದು ಸುಮ್ನೆ ತೊಟ್ಟಿಕ್ಕುತ್ತದೆ. ಕರೆಂಟಿನ ಕಥೆಯೂ ಹಾಗೇ. ಸಬ್‌ಸ್ಟೇಷನ್ನಿನವರೆಗೆ ಬೇಕಾದಷ್ಟು ಬಂದಿರುತ್ತದೆ. ಅಲ್ಲಿಂದ 11 ಕೆವಿ ಲೈನ್ ಕಾಡು, ಗುಡ್ಡ ದಾಟಿ ನಿಮ್ಮ ಟಿಸಿಗೆ ಬರುತ್ತದೆ. ಅದೂ ಪರವಾಗಿಲ್ಲ. ಆ ಟಿಸಿ ಮತ್ತು ಅದರಿಂದ ನಿಮ್ಮ ಮನೆವರೆಗಿನ 900 ಮೀಟರ್ ತಂತಿ, ಇವೇ ನಿಮ್ಮ ಅರ್ಧ ಇಂಚಿನ ಪೈಪು. ಬಯಲುಸೀಮೆಯಲ್ಲಿ ಊರು ಅಂದರೆ ಮನೆಗಳೆಲ್ಲ ಒತ್ತೊತ್ತಾಗಿ ಇರುತ್ತವೆ, ನಡುವೆ ಟಿಸಿ ಇಟ್ಟರೆ ಮುಗಿಯಿತು. ನಮ್ಮಲ್ಲಿ ಒಂದು ಮನೆ ಈ ಕಣಿವೆಯಲ್ಲಿ, ಇನ್ನೊಂದು ಆ ಗುಡ್ಡದ ಹಿಂದೆ. ಹಾಗಾಗಿ ಟಿಸಿಯಿಂದ ಮನೆಗಳಿಗೆ ಬರುವ ಎಲ್‌ಟಿ ಲೈನ್ ಉದ್ದ, ತಂತಿ ತೆಳು.

ಈಗ ಟಿಸಿ ಲೆಕ್ಕ. ಟಿಸಿಯಿಂದ ಕರೆಂಟ್ ಮೂರು ತಂತಿಗಳಲ್ಲಿ ಹೊರಡುತ್ತದೆ, ಒಂದೊಂದು ತಂತಿಯೂ ಒಂದು ಫೇಸ್. 25 ಕೆವಿಎ ಟಿಸಿ ಒಂದು ಫೇಸ್‌ಗೆ ಸುಮಾರು 35 ಆಂಪಿಯರ್ ಕೊಡಬಲ್ಲದು. 18 ಮನೆಯನ್ನು ಮೂರು ಫೇಸಿಗೆ ಸರಿಯಾಗಿ ಹಂಚಿದ್ದರೆ ಒಂದೊಂದಕ್ಕೆ ಆರು ಮನೆ. ಸಂಜೆ ಫ್ರಿಜ್ಜು, ಟಿವಿ, ಮಿಕ್ಸಿ, ದೀಪ ಸೇರಿ ಮನೆಗೆ ಮೂರು ಆಂಪಿಯರ್ ಅಂದರೂ 18 ಆಯಿತು. ಪಿಕಪ್ಪನ್ನು ಮನೆಯ 16 ಆಂಪಿಯರ್ ಪ್ಲಗ್ಗಿನಲ್ಲಿ ಚಾರ್ಜ್ ಮಾಡಿದರೆ 3.3 ಕಿಲೋವ್ಯಾಟ್, ಅಂದರೆ 14 ಆಂಪಿಯರಿಗಿಂತ ಸ್ವಲ್ಪ ಮೇಲೆ. 18ಕ್ಕೆ 14 ಸೇರಿದರೆ 32. ಟಿಸಿ ತಡೆಯುತ್ತದೆ, ಆದರೆ ಉಸಿರು ಬಿಗಿ ಹಿಡಿದುಕೊಂಡು. ಅದೇ ಫೇಸಿನಲ್ಲಿ ಪಕ್ಕದ ಮನೆಯವರೂ ಒಂದು ಗಾಡಿ ತಂದರೆ 46. ಆಗ ಫ್ಯೂಸ್ ಹೋಗುತ್ತದೆ. ಹೋಗಲಿ ಬಿಡಿ, ಫ್ಯೂಸ್ ಇರುವುದೇ ಹೋಗುವುದಕ್ಕೆ. ನನಗೆ ಹೆದರಿಕೆ ಆಗುವುದು ಆಮೇಲಿನದ್ದಕ್ಕೆ. ಎರಡು ಸಲ ಫ್ಯೂಸ್ ಹೋದ ಮೇಲೆ ಊರಿನವರೇ ಯಾರೋ ಒಬ್ಬರು ಅಲ್ಲಿಗೆ ದಪ್ಪ ತಂತಿ ಸುತ್ತಿ ಬರುತ್ತಾರೆ. ‘ಈಗ ಹೋಗಲ್ಲ ನೋಡಿ’ ಅಂತ ಹೆಮ್ಮೆ ಬೇರೆ. ಹೌದು, ಫ್ಯೂಸ್ ಹೋಗುವುದಿಲ್ಲ. ಟಿಸಿ ಹೋಗುತ್ತದೆ. ನನ್ನ ಸರ್ವಿಸಿನಲ್ಲಿ ಸುಟ್ಟ ಟಿಸಿ ಬಿಚ್ಚಿದಾಗೆಲ್ಲ ಮೊದಲು ನೋಡುತ್ತಿದ್ದದ್ದು ಆ ಫ್ಯೂಸ್ ತಂತಿಯ ದಪ್ಪವನ್ನೇ.

ಟಿಸಿ ಒಂದೇ ಸಲಕ್ಕೆ ಸಾಯುವುದೂ ಇಲ್ಲ. ಒಳಗಿನ ಸುರುಳಿಗೆ ಸುತ್ತಿದ ಕಾಗದ, ಎಣ್ಣೆ ಬಿಸಿಗೆ ನಿಧಾನ ಕಂದುತ್ತವೆ. ಮಿತಿಗಿಂತ ಆರೆಂಟು ಡಿಗ್ರಿ ಜಾಸ್ತಿ ಬಿಸಿಯಲ್ಲೇ ಇಟ್ಟರೆ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನಾವು ಬಳಸುವ ಅಂದಾಜು. ಸಂಜೆ ಬಿಸಿಯಾದ ಟಿಸಿ ನಡುರಾತ್ರಿಯ ತಂಪಿನಲ್ಲಿ ಸುಧಾರಿಸಿಕೊಳ್ಳುತ್ತದೆ. ಊರಿನಲ್ಲಿ ನಾಲ್ಕೈದು ಗಾಡಿಗಳು ರಾತ್ರಿಯಿಡೀ ಚಾರ್ಜಿಗೆ ನಿಂತರೆ ಅದಕ್ಕೆ ಆ ಬಿಡುವು ಸಿಗುವುದಿಲ್ಲ. ನಿಮ್ಮ ಒಂದು ಗಾಡಿಗೆ ಇದರ ಚಿಂತೆ ಬೇಡ. ಸೊಸೈಟಿಯವರು ಇದನ್ನು ಓದಲಿ.

ತಂತಿಯ ಲೆಕ್ಕ ಇನ್ನೂ ಮುಖ್ಯ. ಲೈನಿನ ತಂತಿಗಳಿಗೆ ಪ್ರಾಣಿಗಳ ಹೆಸರು, ನಿಮಗೆ ಗೊತ್ತಿರಬಹುದು. ಸ್ಕ್ವಿರಲ್, ವೀಸಲ್, ರ್‍ಯಾಬಿಟ್, ಡಾಗ್, ಪ್ಯಾಂಥರ್, ಮೂಸ್. ಪ್ರಾಣಿ ದೊಡ್ಡದಾದಷ್ಟೂ ತಂತಿ ದಪ್ಪ. ಹಳೇ ಹಳ್ಳಿ ಲೈನುಗಳಲ್ಲಿ ವೀಸಲ್ ಜಾಸ್ತಿ. ನಿಮ್ಮದೂ ವೀಸಲ್ ಅಂತ ಹಿಡಿದರೆ, 900 ಮೀಟರ್ ಹೋಗಿ, ನ್ಯೂಟ್ರಲ್ಲಿನಲ್ಲಿ 900 ಮೀಟರ್ ವಾಪಸ್ ಬರುವಷ್ಟರಲ್ಲಿ, ಗಾಡಿಯ 14 ಆಂಪಿಯರ್ ಒಂದಕ್ಕೇ ಸುಮಾರು 23 ವೋಲ್ಟ್ ಕರಗಿಹೋಗುತ್ತದೆ. ಸಂಜೆ 185 ಇರುವಾಗ ಗಾಡಿ ಹಾಕಿದಿರೋ 162. ಫ್ರಿಜ್ಜು ಗೊರಗುಟ್ಟುತ್ತದೆ, ನಿಮ್ಮಿಂದ ಮುಂದಿನ ಮನೆಯವರು ಫೋನ್ ಮಾಡುತ್ತಾರೆ. ಗಾಡಿಯ ಚಾರ್ಜರೂ ಹಳೇ ಬಲ್ಬಿನ ಹಾಗೆ ಮಂಕಾಗಿ ಸುಮ್ಮನಿರುವ ಜಾತಿಯದಲ್ಲ. ವೋಲ್ಟೇಜ್ ಇಳಿದಷ್ಟೂ ಜಾಸ್ತಿ ಆಂಪಿಯರ್ ಎಳೆಯಲು ನೋಡುತ್ತದೆ, ತೀರಾ ಇಳಿದರೆ ನಿಂತೇಬಿಡುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಬ್ಯಾಟರಿ ನಿನ್ನೆ ಇದ್ದಲ್ಲೇ ಇರುತ್ತದೆ.

ಅದೇ ಗಾಡಿಯನ್ನು ರಾತ್ರಿ ಹನ್ನೊಂದಕ್ಕೆ ಹಾಕಿ ನೋಡಿ. ಆಗ ನಿಮ್ಮಲ್ಲಿ 220 ಇದ್ದರೆ, 23 ಕಳೆದರೂ 197 ಉಳಿಯಿತು. ಆರಾಮಾಗಿ ಚಾರ್ಜ್ ಆಗುತ್ತದೆ. ಲೈನ್‌ಮನ್ ಬಿಟ್ಟ ಕಾಲು ಪಾಲು ಅಂದೆನಲ್ಲ, ಅದು ಇದೇ. ಅವನು ಲೋಡ್ ನೋಡಿದ, ಹೊತ್ತು ನೋಡಲಿಲ್ಲ.

18 ಯೂನಿಟ್ ತುಂಬಿಸಲು 3.3 ಕಿಲೋವ್ಯಾಟಿನಲ್ಲಿ ಐದೂವರೆ ಗಂಟೆ ಸಾಕು. ಕೆಲವು ಚಾರ್ಜರಿನಲ್ಲಿ ಆಂಪಿಯರ್ ಇಳಿಸುವ ಸೌಲಭ್ಯ ಇರುತ್ತದೆ. ತಗೊಳ್ಳುವಾಗಲೇ ಕೇಳಿ. 10 ಆಂಪಿಯರಿಗೆ ಇಳಿಸಿದರೆ ಎಂಟು ಗಂಟೆ ಬೇಕು, ಆದರೆ 23 ವೋಲ್ಟಿನ ಇಳಿತ 16ಕ್ಕೆ ಬರುತ್ತದೆ. ಹಗಲೂ ಒಳ್ಳೆಯದೇ. ನೀವು ಬೆಳಗ್ಗೆ ಸಾಗರಕ್ಕೆ ಹೋಗಿ ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬರುವವರಾದರೆ, ಎರಡರಿಂದ ಐದೂವರೆವರೆಗೆ ಹಾಕಿ. ಅರ್ಧಕ್ಕಿಂತ ಜಾಸ್ತಿ ಅಲ್ಲೇ ತುಂಬುತ್ತದೆ. ಆರರಿಂದ ಹತ್ತು ಮಾತ್ರ ಪ್ಲಗ್ಗಿನ ಹತ್ತಿರವೂ ಹೋಗಬೇಡಿ. ಇನ್ನೊಂದು ವಿಷಯ. ನಿಮ್ಮ ಟಿಸಿಯಲ್ಲೇ ಪಂಪ್‌ಸೆಟ್ಟುಗಳೂ ಇದ್ದು, ತ್ರೀ ಫೇಸ್ ರಾತ್ರಿ ಕೊಡುವ ಪಾಳಿ ಇದ್ದರೆ ಹನ್ನೊಂದರ ಲೆಕ್ಕ ತಲೆಕೆಳಗಾಗುತ್ತದೆ. ಪಂಪುಗಳು ಓಡುವಾಗಲೇ ಗಾಡಿ ಹಾಕಿದ ಹಾಗಾಗುತ್ತದೆ. ಪಾಳಿ ಯಾವಾಗ ಅಂತ ಲೈನ್‌ಮನ್ ಹತ್ತಿರ ಕೇಳಿ ಹೊತ್ತು ಆರಿಸಿಕೊಳ್ಳಿ.

ನೀವು ಬರೆಯದೇ ಬಿಟ್ಟ ಒಂದು ಸಂಗತಿ ಇದೆ. ಗಾಡಿಗೆ ಕೆಲಸ ಜಾಸ್ತಿ ಇರುವುದು ಯಾವಾಗ? ಕೊಯ್ಲಿನಲ್ಲಿ. ಅದೇ ಎರಡು ಮೂರು ತಿಂಗಳು ಊರಿನ ಮನೆ ಮನೆಯಲ್ಲೂ ಸಂಜೆಯಾದರೆ ಅಡಿಕೆ ಸುಲಿಯುವ ಮೆಷಿನ್ ಓಡುತ್ತದೆ. ಎರಡು ಎಚ್‌ಪಿ ಮೋಟರ್ ಅಂದರೆ ಹತ್ತು ಆಂಪಿಯರ್ ಹತ್ತಿರ. ಆರು ಮನೆಯಲ್ಲಿ ಮೂರು ಮೆಷಿನ್ ಒಟ್ಟಿಗೆ ಓಡಿದರೂ ಆ ಫೇಸ್ ತುಂಬಿತು. ಮಳೆ ನಿಂತರೆ ತೋಟಕ್ಕೆ ನೀರು ಬಿಡುವುದೂ ಶುರು. ಹಾಗಾಗಿ ಈ ಗಾಡಿಯನ್ನು ಆಗಸ್ಟಿನ ವೋಲ್ಟೇಜ್ ನೋಡಿ ತಗೊಂಡು ಡಿಸೆಂಬರಿನಲ್ಲಿ ಕೈ ಸುಟ್ಟುಕೊಳ್ಳಬೇಡಿ.

ಹಾಗಂತ ಪಂಪ್‌ಸೆಟ್ಟಿನ ಉಚಿತ ಕರೆಂಟಿನಲ್ಲಿ ಗಾಡಿ ಚಾರ್ಜ್ ಮಾಡುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಹೇಳಿಕೊಡುವವರು ಇದ್ದೇ ಇರುತ್ತಾರೆ. 10 ಎಚ್‌ಪಿವರೆಗಿನ ಉಚಿತ ಕರೆಂಟ್ ನೀರಾವರಿಗೆ ಕೊಟ್ಟಿದ್ದು. ಅದನ್ನು ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಇದೆ. ದಂಡ ನಿಮ್ಮ ಡೀಸೆಲ್ ಉಳಿತಾಯವನ್ನೆಲ್ಲ ನುಂಗುತ್ತದೆ.

ಮನೆಯ ಮೀಟರಿನಲ್ಲೇ ಚಾರ್ಜ್ ಮಾಡಬಹುದು, ಅದಕ್ಕೆ ಅಡ್ಡಿ ಇಲ್ಲ. ಆದರೆ ಗೃಹಜ್ಯೋತಿ ನೆನಪಿರಲಿ. ನೀವು ವಾರಕ್ಕೆ ನಾಲ್ಕೈದು ಸಲ ಸಾಗರಕ್ಕೆ ಹೋದರೆ ಗಾಡಿ ಒಂದೇ ತಿಂಗಳಿಗೆ ಮುನ್ನೂರು ಯೂನಿಟ್ ದಾಟುತ್ತದೆ. ಮನೆಯ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ನಿಮ್ಮದೇ. ಈಗ ಸೊನ್ನೆ ಬರುವ ಬಿಲ್ಲು ಆಗ ಎರಡು ಸಾವಿರ ದಾಟಿ ಬಂದರೆ ಗಾಬರಿ ಬೀಳಬೇಡಿ. ವಾಹನ ಚಾರ್ಜಿಂಗಿಗೆಂದೇ ನಮ್ಮ ರಾಜ್ಯದಲ್ಲಿ ಬೇರೆ ದರದ ವರ್ಗ ಇದೆ. ಅದಕ್ಕೆ ಪ್ರತ್ಯೇಕ ಮೀಟರ್ ಸಿಗುತ್ತದಾ ಅಂತ ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಕೇಳಿ. ಅಷ್ಟೆಲ್ಲ ಕಟ್ಟಿದರೂ ಲಾಭವೇ. ಯೂನಿಟ್ಟಿಗೆ 7 ರೂಪಾಯಿ ಅಂತ ಹಿಡಿದರೆ ಒಂದು ಓಡಾಟಕ್ಕೆ 126 ರೂಪಾಯಿ. ನಿಮ್ಮ ಹಳೇ ಗಾಡಿ ಲೀಟರಿಗೆ 15-16 ಕಿಲೋಮೀಟರ್ ಕೊಟ್ಟರೂ ಐದು ಲೀಟರ್ ಡೀಸೆಲ್, ಲೀಟರಿಗೆ 90 ಅಂದರೆ 450 ರೂಪಾಯಿ. ಮನೆಯ ಮಂಜೂರಾದ ಲೋಡ್ ಎಷ್ಟು ಅಂತ ಬಿಲ್ಲಿನಲ್ಲಿ ನೋಡಿ. ಒಂದೋ ಎರಡೋ ಕಿಲೋವ್ಯಾಟ್ ಇದ್ದರೆ ಮೊದಲು ಅದನ್ನು ಏರಿಸಿ. ಇದು ಬರೀ ಕಾಗದದ ಕೆಲಸ ಅಂತ ಬಿಡಬೇಡಿ. ಊರಿನ ಒಟ್ಟು ಲೋಡ್ ಕಾಗದದಲ್ಲಿ ಏರಿದರೆ ಮಾತ್ರ ದೊಡ್ಡ ಟಿಸಿ ಕೇಳಲು ನಿಮ್ಮ ಕೈಯಲ್ಲಿ ಒಂದು ಆಧಾರ ಇರುತ್ತದೆ. ಕಳ್ಳತನದಲ್ಲಿ ಲೋಡ್ ಏರಿಸಿಕೊಂಡ ಊರು ಕಾಗದದಲ್ಲಿ ಯಾವಾಗಲೂ ಸುಖವಾಗಿಯೇ ಇರುತ್ತದೆ.

ಅರ್ಜಿ ಕೊಡುವಾಗಲೇ ಇನ್ನೊಂದು ಕೇಳಿ. ಮೂರು ಫೇಸಿನ ಮನೆಗಳನ್ನು ಸರಿಯಾಗಿ ಹಂಚಿಕೊಡಿ ಅಂತ. ಎಷ್ಟೋ ಊರಿನಲ್ಲಿ ಒಂದು ಫೇಸಿಗೆ ಹತ್ತು ಮನೆ, ಇನ್ನೊಂದಕ್ಕೆ ಮೂರು ಮನೆ ಇರುತ್ತದೆ. ಎಂದೋ ಮಳೆಯಲ್ಲಿ ಒಂದು ಫೇಸ್ ಹೋದಾಗ ಎಲ್ಲರನ್ನೂ ಇದ್ದ ಫೇಸಿಗೆ ಸೇರಿಸಿರುತ್ತಾರೆ, ವಾಪಸ್ ಮಾಡಿರುವುದಿಲ್ಲ. ಕಂಬ ಹತ್ತಿ ನಾಲ್ಕು ವೈರ್ ಬದಲಿಸಿದರೆ ಆಗುವ ಕೆಲಸ. ಖರ್ಚಿಲ್ಲದೇ ಹತ್ತು ಹದಿನೈದು ವೋಲ್ಟ್ ಮೇಲೇರಿದ್ದನ್ನು ನಾನೇ ನೋಡಿದ್ದೇನೆ.

ಈಗ ಸೊಸೈಟಿಯ ಫಾಸ್ಟ್ ಚಾರ್ಜರ್. ನನ್ನ ಮತ ಕೇಳಿದರೆ, ಬೇಡ. 30 ಕಿಲೋವ್ಯಾಟಿನ ಒಂದು ಚಾರ್ಜರ್ ಮೂರು ಫೇಸಿನಲ್ಲೂ 44 ಆಂಪಿಯರ್ ಹತ್ತಿರ ಎಳೆಯುತ್ತದೆ. ನಿಮ್ಮ ಇಡೀ ಟಿಸಿಯ ಶಕ್ತಿಗಿಂತ ಜಾಸ್ತಿ. ಅದಕ್ಕೆ ಪ್ರತ್ಯೇಕ 63 ಕೆವಿಎ ಟಿಸಿ ಬೇಕು, ಕಂಬ ಬೇಕು, ತಿಂಗಳು ತಿಂಗಳು ನಿಗದಿ ಶುಲ್ಕ ಬೇರೆ. ದಿನಕ್ಕೆ ಎರಡು ಗಾಡಿಗೆ ಇದು ಮದುವೆ ಮನೆ ಒಲೆಯಲ್ಲಿ ಒಂದು ಲೋಟ ಕಾಫಿ ಕಾಸಿದ ಹಾಗೆ. ಬದಲಿಗೆ ಸೊಸೈಟಿ ಗೋದಾಮಿನ ಮಾಡಿನ ಕೆಳಗೆ 16 ಆಂಪಿಯರಿನ ಮೂರು ಗಟ್ಟಿ ಪಾಯಿಂಟ್ ಹಾಕಿಸಿ. ಒಂದೊಂದು ಬೇರೆ ಬೇರೆ ಫೇಸಿನಲ್ಲಿ ಇರಲಿ. ಟೈಮರ್ ಇಟ್ಟು ರಾತ್ರಿ ಹನ್ನೊಂದಕ್ಕೆ ತಾನಾಗಿ ಶುರುವಾಗುವ ಹಾಗೆ ಮಾಡಿ. ಮುಂದೆ ಗಾಡಿಗಳು ಐದಾರು ಆದಾಗ ಸ್ವಂತ ಟಿಸಿ ಯೋಚನೆ ಮಾಡಬಹುದು. ಆಗಲೂ ಜಾಗ ಮುಖ್ಯ. ಊರೊಳಗೆ ಬೇಡ, 11 ಕೆವಿ ಲೈನ್ ರಸ್ತೆ ದಾಟುವ ಕಡೆ ಇರಲಿ. ಟಿಸಿಯಿಂದ ಚಾರ್ಜರಿಗೆ ಇಪ್ಪತ್ತು ಮೂವತ್ತು ಮೀಟರ್ ಕೇಬಲ್ ಸಾಕಾಗುವ ಹಾಗಿದ್ದರೆ ಈ 23 ವೋಲ್ಟಿನ ತಲೆನೋವೇ ಇರುವುದಿಲ್ಲ.

ಘಾಟಿ ವಿಷಯಕ್ಕೆ ಬರೋಣ. ಟಾಟಾ ಏಸ್ ಇವಿ 2022ರಲ್ಲಿ ಬಂದಾಗ ಅದರ ಬ್ಯಾಟರಿ 21.3 ಯೂನಿಟ್, ಹೊರುವ ಭಾರ 600 ಕಿಲೋ, ಕಾಗದದ ಮೇಲಿನ ಓಟ 154 ಕಿಲೋಮೀಟರ್. ಆಮೇಲೆ ಒಂದು ಟನ್ ಹೊರುವುದೂ ಬಂತು. ಕಾಗದದ ಓಟದಲ್ಲಿ ಮೂರರಲ್ಲಿ ಎರಡು ಪಾಲನ್ನಷ್ಟೇ ನಮ್ಮ ಏರಿಳಿತದ ರಸ್ತೆಗೆ ನಾನು ನಂಬುವುದು, ಅಂದರೆ ನೂರು. ನಿಮ್ಮ 80ಕ್ಕೆ ಸಾಕು, ಆದರೆ ಸಾಗರದಲ್ಲಿ ಇನ್ನೂ ನಾಲ್ಕು ಕಡೆ ಸುತ್ತಾಡಿ ಬರುತ್ತೇನೆ ಅಂದರೆ ಬಿಗಿಯಾಗುತ್ತದೆ. ನಿಮ್ಮ ಹಳೇ ಪಿಕಪ್ಪಿನಲ್ಲಿ ಒಂದೂವರೆ ಟನ್ ಗೊಬ್ಬರ ಹೇರುವ ರೂಢಿ ಇದ್ದರೆ ಅದನ್ನೂ ಮರೆಯಬೇಕು.

ಘಾಟಿ ಹತ್ತುವ ಖರ್ಚು ಜನ ಹೆದರುವಷ್ಟಿಲ್ಲ. ಲೋಡ್ ಸೇರಿ 1,800 ಕಿಲೋ ಗಾಡಿ 500 ಮೀಟರ್ ಎತ್ತರ ಏರಲು ಎರಡೂವರೆ ಯೂನಿಟ್. ರಸ್ತೆಯ ತಿಕ್ಕಾಟ, ಮೋಟರಿನ ನಷ್ಟ ಇದರ ಮೇಲೆ. ಇಳಿಯುವಾಗ ಮೋಟರೇ ಡೈನಮೋ ಆಗಿ ಅದರಲ್ಲಿ ಒಂದು ಪಾಲನ್ನು ವಾಪಸ್ ತುಂಬುತ್ತದೆ. ಲಿಂಗನಮಕ್ಕಿಯ ನೀರು ಇಳಿಯುತ್ತಾ ಮಾಡುವ ಕೆಲಸವನ್ನೇ ನಿಮ್ಮ ಗಾಡಿ ಕೊಲ್ಲೂರಿನ ಕಡೆ ಇಳಿಯುವಾಗ ಮಾಡುತ್ತದೆ. ಆದರೆ ಒಂದು ಎಚ್ಚರ. ಬ್ಯಾಟರಿ ಪೂರ್ತಿ ತುಂಬಿಕೊಂಡು ಘಾಟಿ ಇಳಿಯಲು ಹೋಗಬೇಡಿ. ತುಂಬಿದ ಬ್ಯಾಟರಿಯಲ್ಲಿ ಆ ಕರೆಂಟ್ ಹಾಕಲು ಜಾಗ ಇರುವುದಿಲ್ಲ. ಆಗ ಮೋಟರ್ ಗಾಡಿಯನ್ನು ಹಿಡಿಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಡೀಸೆಲ್ ಗಾಡಿಯಲ್ಲಿ ಸೆಕೆಂಡ್ ಗೇರಿನಲ್ಲಿ ಇಳಿಸುವ ಅಭ್ಯಾಸದವರಿಗೆ ಇದು ಗೊತ್ತಾಗದೇ ಗಾಬರಿಯಾಗಬಹುದು. ಘಟ್ಟದ ಕೆಳಗೆ ಹೋಗುವ ದಿನ ಚಾರ್ಜನ್ನು ಶೇಕಡಾ 85ಕ್ಕೋ 90ಕ್ಕೋ ನಿಲ್ಲಿಸಿ.

ಅಳಿಯಂದಿರು ಹೇಳಿದ್ದು ಸುಳ್ಳಲ್ಲ. ಫೋರ್ಡ್ ಎಫ್-150 ಲೈಟ್ನಿಂಗ್ ಅನ್ನುವ ಗಾಡಿ 2022ರಲ್ಲಿ ಬಂತು. ದೊಡ್ಡ ಬ್ಯಾಟರಿಯದು 131 ಯೂನಿಟ್, ಮನೆಗೆ 9.6 ಕಿಲೋವ್ಯಾಟ್ ವಾಪಸ್ ಕೊಡಬಲ್ಲದು. ಅಲ್ಲಿ ಒಂದು ಮನೆ ದಿನಕ್ಕೆ 30 ಯೂನಿಟ್ ಖರ್ಚು ಮಾಡುತ್ತದೆ, ಹಾಗಾಗಿ ಮೂರ್ನಾಲ್ಕು ದಿನ ಬರುತ್ತದೆ. ನಿಮ್ಮ ಮನೆ ಮಳೆಗಾಲದಲ್ಲಿ ದೀಪ, ಫ್ಯಾನು, ಫ್ರಿಜ್ಜು ಸೇರಿ ಎರಡು ಮೂರು ಯೂನಿಟ್ಟಿನಲ್ಲಿ ದಿನ ಕಳೆಯುತ್ತದೆ. ಆ ಗಾಡಿ ನಿಮ್ಮ ಅಂಗಳದಲ್ಲಿದ್ದರೆ ಆಷಾಢ ಪೂರ್ತಿ ದಾಟಿಸಬಹುದು! ಆದರೆ ಅಲ್ಲಿಯೂ ತಕರಾರು ಇದೇ ಟಿಸಿಯದು. ಆ ಗಾಡಿಗೆ ಮನೆಯಲ್ಲಿ ಹಾಕಿಸುವ ದೊಡ್ಡ ಚಾರ್ಜರ್ 19.2 ಕಿಲೋವ್ಯಾಟಿನದು. ಅಲ್ಲಿ ನಾಲ್ಕಾರು ಮನೆಗೆ ಹಂಚಿಕೊಡುವ ಬೀದಿಯ ಟ್ರಾನ್ಸ್‌ಫಾರ್ಮರ್ ಎಷ್ಟೋ ಕಡೆ ನಿಮ್ಮ ಊರಿನಷ್ಟೇ, 25 ಕೆವಿಎ. ಒಂದೇ ಗಾಡಿ ಅದನ್ನು ಮುಕ್ಕಾಲು ತುಂಬಿತು. ಹಮ್ಮರ್ ಅನ್ನುವ ಎಲೆಕ್ಟ್ರಿಕ್ ಪಿಕಪ್ಪಿನ ಬ್ಯಾಟರಿಯೊಂದೇ ಸುಮಾರು 1,300 ಕಿಲೋ ತೂಕ. ನಿಮ್ಮ ಗಾಡಿ ಹೊರುವ ಅಡಿಕೆಗಿಂತ ಜಾಸ್ತಿ. ದೊಡ್ಡ ದೇಶ, ದೊಡ್ಡ ಗಾಡಿ, ಟಿಸಿ ಮಾತ್ರ ಒಂದೇ ಅಳತೆ.

ನಮ್ಮ ಸಣ್ಣ ಗಾಡಿಗಳಲ್ಲಿ ಮನೆಗೆ ಕರೆಂಟ್ ಕೊಡುವ ವ್ಯವಸ್ಥೆ ಇದೆಯಾ ಅಂತ ಷೋರೂಮಿನಲ್ಲಿ ಬರವಣಿಗೆಯಲ್ಲಿ ಕೇಳಿ. ಇಲ್ಲ ಅಂದರೆ ಬ್ಯಾಟರಿಗೆ ಕೈ ಹಾಕುವ ಮೆಕ್ಯಾನಿಕ್ ಹತ್ತಿರ ಹೋಗಬೇಡಿ. ಇದೆ ಅಂದರೆ, ಮನೆಯನ್ನು ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೇ ಮನೆಗೆ ಕೊಡಬೇಡಿ. ಒಂದು ಮಳೆಗಾಲ ಮರ ಬಿದ್ದು ಎರಡು ದಿನ ಲೈನ್ ಆಫ್ ಆಗಿತ್ತು. ನಮ್ಮ ಹುಡುಗ ಕಂಬ ಹತ್ತಿದ್ದ. ಕೆಳಗಿನ ಒಂದು ಮನೆಯಲ್ಲಿ ಜನರೇಟರಿನ ವೈರನ್ನು ಸೀದಾ ಪ್ಲಗ್ಗಿಗೆ ಚುಚ್ಚಿ ಚಾಲೂ ಮಾಡಿದರು. ಆ ಕರೆಂಟ್ ಹಿಂದಕ್ಕೆ ಲೈನಿಗೆ ಬಂತು. ಬೆಲ್ಟ್ ಕಟ್ಟಿಕೊಂಡಿದ್ದಕ್ಕೆ ಅವನು ನೇತಾಡಿ ಉಳಿದ. ಕೈ ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ನಿಮಗೆ ‘ಅಣ್ಣ’ ಅನ್ನುವ ಆ ಲೈನ್‌ಮನ್ನನ್ನು ನೆನೆಸಿಕೊಂಡು ಆ ಸ್ವಿಚ್ ಹಾಕಿಸಿ.

ಮಾಡಿನ ಮೇಲೆ ಸೋಲಾರ್ ಹಾಕಿಸಿ ಗಾಡಿ ಓಡಿಸುತ್ತೇನೆ ಅನ್ನುವವರೂ ಇದ್ದಾರೆ. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಫೆಬ್ರವರಿ ಬಿಸಿಲಿಗೆ ದಿನಕ್ಕೆ 12 ಯೂನಿಟ್ ಬರುತ್ತದೆ. ಜುಲೈಯಲ್ಲಿ ನಮ್ಮ ಮೋಡಕ್ಕೆ, ತೋಟದ ನೆರಳಿಗೆ ಎಷ್ಟು ಬಂದೀತು ಅಂತ ನಿಮಗೇ ಗೊತ್ತು. ಅದಕ್ಕಿಂತ ಮುಖ್ಯವಾಗಿ, ಗ್ರಿಡ್ಡಿಗೆ ಕಟ್ಟಿದ ಸಾಮಾನ್ಯ ಸೋಲಾರ್ ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲಿನ ಹುಡುಗನಿಗಾಗಿಯೇ ಅದನ್ನು ಹಾಗೆ ಮಾಡಿರುವುದು. ಹಾಗಾಗಿ ಮೂರು ದಿನದ ಕತ್ತಲೆಗೆ ಅದು ಉತ್ತರ ಅಲ್ಲ.

ಆ ಮೂರು ದಿನಕ್ಕೆ ನನ್ನ ಹತ್ತಿರ ಇರುವ ಉತ್ತರ ಸಪ್ಪೆಯದು. ಜೂನಿನಿಂದ ಆಗಸ್ಟ್‌ವರೆಗೆ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಆ ತಿಂಗಳುಗಳಲ್ಲಿ ಗಾಡಿಗೆ ಕೆಲಸವೂ ಕಡಿಮೆ. ರೇಷನ್ನು, ಗೊಬ್ಬರ, ಆಸ್ಪತ್ರೆ, ಅಷ್ಟೇ ಅಲ್ವಾ? ಆಸ್ಪತ್ರೆ ಅಂದ ಮೇಲೆ ಇದನ್ನೂ ಹೇಳಬೇಕು, ಮೊದಲ ಒಂದು ವರ್ಷ ಹಳೇ ಡೀಸೆಲ್ ಗಾಡಿ ಮಾರಬೇಡಿ. ಹದಿನಾಲ್ಕು ವರ್ಷದ ಗಾಡಿಗೆ ಬರುವ ದುಡ್ಡೂ ಅಷ್ಟರಲ್ಲೇ ಇದೆ.

ವೈರಿಂಗ್ ಬಗ್ಗೆ ಎರಡು ಮಾತು. ಮೀಟರಿನಿಂದ ಸೀದಾ ಪ್ರತ್ಯೇಕ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಪ್ರತ್ಯೇಕ ಎಂಸಿಬಿ, ಕರೆಂಟ್ ಸೋರಿದರೆ ಶಾಕ್ ಹೊಡೆಯದ ಹಾಗೆ ಕಡಿಯುವ ಆರ್‌ಸಿಸಿಬಿ ಹಾಕಿಸಿ. ಮಿಕ್ಸಿಗೆ ಹಾಕಿದ ಪ್ಲಗ್ಗಿನಲ್ಲಿ ಐದಾರು ಗಂಟೆ 14 ಆಂಪಿಯರ್ ಎಳೆದರೆ ಪ್ಲಗ್ಗು ಕರಗುತ್ತದೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಇನ್ನು ಅರ್ಥಿಂಗ್. ನಮ್ಮ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಚೆನ್ನಾಗಿ ಅರ್ಥ್ ಕೊಡುತ್ತದೆ, ಏಪ್ರಿಲ್ಲಿಗೆ ಒಣಗಿ ಕಲ್ಲಾಗುತ್ತದೆ. ಆಗ ಚಾರ್ಜರ್ ‘ಅರ್ಥ್ ಇಲ್ಲ’ ಅಂತ ಕೆಂಪು ದೀಪ ತೋರಿಸಿ ಹಟ ಹಿಡಿಯುತ್ತದೆ, ನೀವು ಗಾಡಿ ಕೆಟ್ಟಿತು ಅಂದುಕೊಂಡು ಷೋರೂಮಿಗೆ ಫೋನ್ ಮಾಡುತ್ತೀರಿ. ಅರ್ಥಿಂಗ್ ಗುಂಡಿಯನ್ನು ಬಚ್ಚಲು ನೀರು ಹರಿಯುವ ಕಡೆ ತೋಡಿಸಿ.

ಗಾಡಿ ಬುಕ್ ಮಾಡುವುದನ್ನು ಕೊಯ್ಲು ಶುರುವಾಗುವವರೆಗೆ ಮುಂದೂಡಿ. ಇನ್ನೂರು ಮುನ್ನೂರು ರೂಪಾಯಿಗೆ ಪ್ಲಗ್ಗಿಗೆ ಹಾಕುವ ವೋಲ್ಟ್‌ಮೀಟರ್ ಸಿಗುತ್ತದೆ. ಸುಲಿಯುವ ಮೆಷಿನ್ನುಗಳು ಓಡುವ ಒಂದು ವಾರ ಮಧ್ಯಾಹ್ನ ಮೂರು, ರಾತ್ರಿ ಎಂಟು, ರಾತ್ರಿ ಹನ್ನೊಂದೂವರೆ, ಬೆಳಗಿನ ಜಾವ ನಾಲ್ಕು, ಈ ನಾಲ್ಕು ಹೊತ್ತಿನ ವೋಲ್ಟೇಜ್ ಬರೆದಿಡಿ. ಮನೆಯಲ್ಲಿ ನೀರು ಕಾಯಿಸುವ ಗೀಸರ್ ಇದ್ದರೆ, ಹನ್ನೊಂದೂವರೆಗೆ ಅದನ್ನು ಹಾಕಿ ಎಷ್ಟು ಇಳಿಯುತ್ತದೆ ಅಂತಲೂ ನೋಡಿ. ಎರಡು ಕಿಲೋವ್ಯಾಟಿನ ಗೀಸರಿಗೆ 15 ವೋಲ್ಟ್ ಇಳಿದರೆ ಗಾಡಿಗೆ 25 ಇಳಿಯುತ್ತದೆ. ಆ ಇಳಿತ ಕಳೆದ ಮೇಲೂ 190 ಉಳಿದರೆ ಗಾಡಿ ತನ್ನಿ. 180ಕ್ಕಿಂತ ಕೆಳಗೆ ಬಂದರೆ ಆ ಚೀಟಿಯನ್ನೇ ಅರ್ಜಿಯ ಜೊತೆಗಿಟ್ಟು, 18 ಮನೆಯವರ ಸಹಿ ಹಾಕಿಸಿ, 63 ಕೆವಿಎ ಟಿಸಿಯನ್ನು ನಿಮ್ಮ ಮನೆಗೆ ಹತ್ತಿರದ ಕಂಬಕ್ಕೆ ಕೇಳಿ. 180-190ರ ನಡುವೆ ಬಂದರೆ ನನಗೂ ಆ ಚೀಟಿಯ ಒಂದು ಪ್ರತಿ ಕಳಿಸಿ, ಲೆಕ್ಕ ನೋಡಿಕೊಡುತ್ತೇನೆ.